ಎರಡು ಅಂತಸ್ತು, ಮೇಲೊಂದು ಅಟ್ಟ

ಅಂದು ನಾನು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ, ಅದರಲ್ಲಿ ಒಂದು ಲೋಟದಷ್ಟನ್ನು ಒಲೆಗೆ ಉಕ್ಕಿಸಿದೆ. ಅತ್ತೆಯವರಿಗೆ ಬಿ.ಪಿ. ಮಾತ್ರೆ ಕೊಟ್ಟು, ಅವರು ನುಂಗುತ್ತಾರೋ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೋ ನೋಡಲು ಎರಡು ನಿಮಿಷ ಅಲ್ಲೇ ನಿಂತೆ. ನಮ್ಮವರ ಅಂಗಿಗೆ ಗುಂಡಿ ಹೊಲಿದೆ. ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯಲ್ಲಿ ತೊಟ್ಟಿ, ಡ್ರಮ್ಮು, ಎರಡು ಕೊಡ, ಕೊನೆಗೆ ಪೂಜೆಯ ತಂಬಿಗೆಯನ್ನೂ ತುಂಬಿಸಿದೆ. ಸಾರಿಗೆ ನುಗ್ಗೆಸೊಪ್ಪು ಬಿಡಿಸಿದೆ. ರಾಗಿ ಹಸನು ಮಾಡಿ ಮಿಲ್ಲಿಗೆ ಕಳಿಸಿದೆ. ಗ್ಯಾಸು ಬರೆಸಿದೆ. ಮಧ್ಯಾಹ್ನ ಮೂರು ಗಂಟೆಗೆ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು, ಐದು ಅಂತಸ್ತಿನ ಒಂದು ಕಟ್ಟಡ ಈ ಭೂಮಿಯ ಮೇಲೆ ಏಳದಂತೆ ತಡೆಯುವ ಅರ್ಜಿಯನ್ನು ದುಂಡಗೆ ಬರೆದು ಮುಗಿಸಿದೆ. ಆಮೇಲೆ ಒಣಗಿದ ಬಟ್ಟೆ ತೆಗೆದು ಮಡಚಿಟ್ಟೆ.

ಕೈಬರಹ ಚೆನ್ನಾಗಿರುವವರು ಸುಖವಾಗಿ ಇದ್ದದ್ದನ್ನು ನಾನು ಕಂಡಿಲ್ಲ. ಬಿಳಿಗೆರೆಯಲ್ಲಿ ಹುಡುಗಿಯಾಗಿದ್ದಾಗ ನಮ್ಮ ಬೀದಿಯ ಕಾಗದಗಳೆಲ್ಲ ನನ್ನ ಕೈಯಲ್ಲೇ ಆಗಬೇಕಿತ್ತು. ಹೇಳುವವರು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಹೇಳುತ್ತಿದ್ದರು, ನಾನು ಇನ್‌ಲ್ಯಾಂಡ್ ಲೆಟರಿನ ಮೂರು ಮಗ್ಗುಲೂ ತುಂಬುವ ತನಕ ಬರೆಯುತ್ತಿದ್ದೆ. ಒಮ್ಮೆ ನಮ್ಮ ಸೋದರತ್ತೆಯೊಬ್ಬರು ತಮ್ಮ ಬೀಗರ ಮೇಲಿನ ಹನ್ನೆರಡು ವರ್ಷದ ಸಿಟ್ಟನ್ನು ಒಂದೇ ಕಾಗದದಲ್ಲಿ ನನ್ನಿಂದ ಬರೆಸಿದರು. ಸೋದರತ್ತೆಯೂ ಬೀಗರೂ ಮುಂದಿನ ಮದುವೆಯಲ್ಲೇ ಒಂದಾಗಿ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತರು. ಬೀಗರ ಮನೆಯವರು ಇವತ್ತಿಗೂ ಮಾತು ಬಿಟ್ಟಿರುವುದು ನನ್ನೊಬ್ಬಳ ಜೊತೆ. ಬರೆದ ಕೈ ಯಾರದೋ ಪಾಪವೂ ಅವರದೇ ಎಂದು ಜನ ತಿಳಿಯುತ್ತಾರೆ. ಇಷ್ಟು ಗೊತ್ತಿದ್ದೂ ನಾನು ಮತ್ತೆ ಪೆನ್ನು ಹಿಡಿದೆ ಎಂದರೆ ನನ್ನ ಬುದ್ಧಿಯ ವಿಚಾರ ಬೇರೆ ಹೇಳಬೇಕಾಗಿಲ್ಲ.

ನಮ್ಮದು ತಿಪಟೂರಿನ ಹೊರಮಗ್ಗುಲಿನ ಒಂದು ಸಣ್ಣ ಬಡಾವಣೆ. ಯಾರದೋ ತೆಂಗಿನ ತೋಟವನ್ನು ಸೈಟು ಮಾಡಿ ಮಾರಿದಾಗ ಹದಿನೆಂಟು ಮನೆಯವರು ಕೊಂಡು ಕಟ್ಟಿಕೊಂಡದ್ದು. ತೋಟ ಹೋದರೂ ಮರಗಳಿಗೆ ಅದು ತಿಳಿದಂತಿಲ್ಲ. ಒಬ್ಬರ ಬಚ್ಚಲ ಹಿಂದೆ, ಇನ್ನೊಬ್ಬರ ಗೇಟಿನ ಮುಂದೆ, ಮತ್ತೊಬ್ಬರ ತುಳಸಿಕಟ್ಟೆಯ ಮಗ್ಗುಲಲ್ಲಿ ಇನ್ನೂ ಸಾಲು ತಪ್ಪದೆ ನಿಂತಿವೆ. ಇಲ್ಲಿರುವವರೆಲ್ಲ ಮೇಷ್ಟ್ರು, ಗುಮಾಸ್ತ, ಕಂಡಕ್ಟರು. ಆದರೆ ಪ್ರತಿ ಮನೆಗೂ ಬಿಳಿಗೆರೆಯಲ್ಲೋ ದಂಡಿನಶಿವರದಲ್ಲೋ ಅಪ್ಪನ ಕಾಲದ ಒಂದು ತುಂಡು ತೋಟ ಉಂಟು. ಕೆಲಸ ಪೇಟೆಯಲ್ಲಿ, ತೋಟ ಹಳ್ಳಿಯಲ್ಲಿ, ಕಾಯಿ ಮಾತ್ರ ನಮ್ಮ ತಲೆಯ ಮೇಲೆ. ತಲೆಯ ಮೇಲೆ ಎಂದರೆ ನಿಜವಾಗಿಯೂ ತಲೆಯ ಮೇಲೆ. ನಮ್ಮ ಕಡೆ ಕಾಯನ್ನು ಕೆಡವಿದ ಕೂಡಲೇ ಒಡೆಯುವ ಪದ್ಧತಿಯಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಗ ಸುಲಿದು ಒಡೆದರೆ ಒಳಗಿಂದ ಇಡೀ ಉಂಡೆ ಕೊಬ್ಬರಿ ಬರುತ್ತದೆ. ಅದಕ್ಕೆ ಬೇಕಾದದ್ದು ಎರಡೇ, ನೆರಳು ಮತ್ತು ಗಾಳಿ. ಗಾಳಿ ಆಡದಿದ್ದರೆ ಒಳಗೇ ಬೂಷ್ಟು ಹಿಡಿಯುತ್ತದೆ. ನಡುವೆ ಎತ್ತಿ ಬೇರೆ ಕಡೆ ಸಾಗಿಸಿದರೂ ಕೆಡುತ್ತದೆ ಎಂಬುದು ನಮ್ಮ ಅತ್ತೆಯವರ ನಂಬಿಕೆ. ದಿನ ತುಂಬಿದ ಬಸುರಿಯನ್ನು ಬೇಕಾದರೆ ಎತ್ತಿನ ಗಾಡಿಯಲ್ಲಿ ಕಳಿಸಬಹುದು, ಅಟ್ಟದ ಕಾಯಿಯನ್ನು ಅಲ್ಲಾಡಿಸಬಾರದು ಎನ್ನುತ್ತಾರೆ.

ಹೀಗಾಗಿ ನಾವೆಲ್ಲ ಮನೆ ಕಟ್ಟುವಾಗ ಪ್ಲ್ಯಾನಿನಲ್ಲಿ ಇದ್ದಂತೆ ಕೆಳಗೊಂದು ಮೇಲೊಂದು, ಎರಡು ಅಂತಸ್ತು ಕಟ್ಟಿದೆವು. ಅದಾದ ಮೇಲೆ, ಎರಡು ಮನೆಯವರನ್ನು ಬಿಟ್ಟು ಉಳಿದವರೆಲ್ಲ, ಪ್ಲ್ಯಾನಿನಲ್ಲಿ ಇಲ್ಲದ ಒಂದೊಂದು ಅಟ್ಟ ಕಟ್ಟಿದೆವು. ಕಿಂಡಿ ಬಿಟ್ಟ ಇಟ್ಟಿಗೆ ಗೋಡೆ, ಒಳಗೆ ಸಂದು ಬಿಟ್ಟು ಹೊಡೆದ ಮರದ ಪಟ್ಟಿ, ಮೇಲೆ ತಗಡು. ಅದನ್ನು ಯಾರೂ ಅಂತಸ್ತು ಎಂದು ಎಣಿಸಿದವರಲ್ಲ. ಮನುಷ್ಯರು ಮಲಗದ ಜಾಗ ಅಂತಸ್ತು ಹೇಗಾದೀತು? ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಅವರೇ ಹದಿನಾಲ್ಕು ವರ್ಷ ನಮ್ಮ ಮನೆಯನ್ನು ಎರಡು ಎಂದೇ ಎಣಿಸಿಕೊಂಡು ಬಂದಿದ್ದರು. ಅವರ ಸಂಬಳದಲ್ಲಿ ನಮ್ಮ ಊಟ ತಿಂಡಿ ನಡೆಯುತ್ತಿತ್ತು. ಮಿಕ್ಕದ್ದೆಲ್ಲ, ಅಂದರೆ ಮಗಳ ಕಾಲೇಜು, ಮನೆಗೆ ಸುಣ್ಣಬಣ್ಣ, ಒಮ್ಮೆ ನನ್ನ ಹೊಟ್ಟೆಯ ಆಪರೇಷನ್ನು, ಎಲ್ಲ ಆ ಅಟ್ಟದಿಂದಲೇ ಇಳಿದು ಬಂದದ್ದು. ಅತ್ತೆಯವರು ಮೊಣಕಾಲು ನೋವಿನ ನಡುವೆಯೂ ದಿನಕ್ಕೆ ಎರಡು ಸಲ ಹತ್ತಿ, ಒಂದೊಂದು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಇನ್ನೂ ಇಲ್ಲ ಎಂದು ಮತ್ತೆ ಅದೇ ಜಾಗಕ್ಕೆ ಇಟ್ಟು ಬರುತ್ತಿದ್ದರು. ಅಲ್ಲಾಡಿಸಬಾರದೆಂಬ ನಿಯಮ ಬೇರೆಯವರಿಗೆ.

ನಮ್ಮ ಮನೆಯ ಪಡುವಲ ಮಗ್ಗುಲಿಗೆ ಎರಡು ಸೈಟು ಖಾಲಿ ಬಿದ್ದಿದ್ದವು. ಅವನ್ನು ಮಲ್ಲೇಶಪ್ಪ ಎಂಬ ಕೊಬ್ಬರಿ ವ್ಯಾಪಾರಿ ಕೊಂಡರು. ಕಿಬ್ಬನಹಳ್ಳಿ ಕಡೆಯವರು, ಒಳ್ಳೆಯ ಮಾತಿನವರು. ಒಂದು ದಿನ ಅಲ್ಲಿನ ಬೇವಿನ ಮರಕ್ಕೆ ಒಂದು ನೋಟೀಸು ಅಂಟಿತ್ತು. ಸದರಿ ಜಾಗದಲ್ಲಿ ಐದು ಅಂತಸ್ತು, ಇಪ್ಪತ್ತು ಮನೆಗಳ ಅಪಾರ್ಟ್‌ಮೆಂಟ್ ಕಟ್ಟಲು ಎರಡು ಅಂತಸ್ತಿನ ನಿಯಮದಿಂದ ವಿನಾಯಿತಿ ಕೇಳಿದ್ದಾರೆ, ತಕರಾರು ಇದ್ದವರು ಮೂವತ್ತು ದಿನದೊಳಗೆ ಬರೆದು ತಿಳಿಸಬಹುದು ಎಂದು. ನಮ್ಮವರು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುತ್ತಾ ಇದನ್ನು ಹೇಳಿದರು. ನೀರು ಸಾಲದೆ ಹೋಗುತ್ತದೆ, ಚರಂಡಿ ಕಟ್ಟುತ್ತದೆ ಎಂದೆಲ್ಲ ಅವರು ಶುರು ಮಾಡಿದ್ದರು. ಒಳಗಿನಿಂದ ಅತ್ತೆಯವರು ಒಂದೇ ಮಾತು ಕೇಳಿದರು.

"ಶಾರ್ದಾ, ನಮ್ ಅಟ್ಟಕ್ಕೆ ಗಾಳಿ ಎತ್ಲಾಗಿಂದ ಬತ್ತದೆ?"

"ಅತ್ಲಾಗಿಂದ್ಲೇ ಅತ್ತೆ" ಎಂದೆ.

ಎಂಟು ತಿಂಗಳ ಕಾಯಿ ಮೇಲಿತ್ತು. ಪಡುವಲ ಗಾಳಿಯ ಮುಂದೆ ಐದು ಅಂತಸ್ತಿನ ಗೋಡೆ ಎದ್ದರೆ ಈ ವರ್ಷದ್ದು ಹೇಗೋ ಆದೀತು, ಮುಂದಿನ ವರ್ಷ ನಮ್ಮ ಅಟ್ಟದಲ್ಲಿ ಬೂಷ್ಟೇ ಬೆಳೆ. ಆದರೆ ಇದನ್ನು ಅರ್ಜಿಯಲ್ಲಿ ಬರೆಯುವ ಹಾಗಿಲ್ಲ. ಪ್ಲ್ಯಾನಿನಲ್ಲಿ ಇಲ್ಲದ ಅಟ್ಟಕ್ಕೆ ಗಾಳಿ ಬೇಕು ಎಂದು ಯಾವ ಬಾಯಲ್ಲಿ ಕೇಳುವುದು?

ನಮ್ಮ ಬೀದಿಯ ಹಿರಿಯರು ರಿಟೈರ್ಡ್ ಹೆಡ್‌ಮಾಸ್ಟರು ಗಂಗಾಧರಯ್ಯನವರು. ಅವರ ಮನೆಯ ಹಾಲಿನಲ್ಲಿ ಸಭೆ ಸೇರಿತು. ಎಲ್ಲರೂ ಬಂದಿದ್ದರು. ನೀರಿನ ಮಾತಾಯಿತು, ಚರಂಡಿಯ ಮಾತಾಯಿತು, ಸ್ಕೂಟರುಗಳ ಮಾತಾಯಿತು. ಐದನೇ ಅಂತಸ್ತಿನಿಂದ ನೋಡಿದರೆ ನಮ್ಮ ಹಿತ್ತಲಿನಲ್ಲಿ ಒಣಹಾಕಿದ ಒಳಲಂಗ ಕಾಣುತ್ತದೆ ಎಂಬ ಮಾತನ್ನು ಕಂಡಕ್ಟರ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು, ನಾನು ಅದನ್ನು 'ಖಾಸಗಿತನ' ಎಂದು ಗಟ್ಟಿಯಾಗಿ ಹೇಳಿದೆ. ಎಲ್ಲರೂ ತಲೆದೂಗಿದರು. ಗಾಳಿಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಎತ್ತಲಿಲ್ಲ ಎಂಬುದು ನನಗೆ ಆಗ ವಿಶೇಷ ಅನ್ನಿಸಲಿಲ್ಲ. ಕೊನೆಗೆ ಗಂಗಾಧರಯ್ಯನವರು ಕನ್ನಡಕ ಏರಿಸಿ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಯಾರ್ಯಾರೋ ಬಂದು ಸೇರಿಕೊಂಡು ಸಭ್ಯ ಕುಟುಂಬಗಳ ನೆಮ್ಮದಿ ಕೆಡುತ್ತದೆ ಎಂದು ಒಂದು ವಾಕ್ಯ. ಈ ಬಡಾವಣೆಯಲ್ಲಿ ಎರಡು ಅಂತಸ್ತಿನ ಮೇಲೆ ಯಾರೇ ಕಟ್ಟಿದ್ದರೂ, ಕಟ್ಟಲು ಹೊರಟಿದ್ದರೂ, ತಾವು ಖುದ್ದು ಬಂದು ಪರಿಶೀಲಿಸಿ ನಿರ್ದಾಕ್ಷಿಣ್ಯವಾಗಿ ಕ್ರಮ ಜರುಗಿಸಬೇಕು ಎಂದು ಇನ್ನೊಂದು ವಾಕ್ಯ. ಈ ಎರಡನೆಯದಕ್ಕೆ ಚಪ್ಪಾಳೆಯೇ ಬಿತ್ತು. ದುಂಡಗೆ ಬರೆಯುವ ಕೆಲಸವೂ ಮೊದಲ ರುಜುವೂ ನನಗೇ ಬಂದವು. ಮನೆ ನನ್ನ ಹೆಸರಿನಲ್ಲಿತ್ತು. ಬರೆದವರೇ ಮೊದಲು ರುಜು ಹಾಕುವುದು ಮರ್ಯಾದೆ ಎಂದು ಗಂಗಾಧರಯ್ಯನವರು ಹೇಳಿದಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು.

ಮರುದಿನ ಮಧ್ಯಾಹ್ನ, ಆಗಲೇ ಹೇಳಿದೆನಲ್ಲ, ಮೇಜಿನ ಮೇಲೆ ಪೇಪರು ಹಾಸಿಕೊಂಡು ಆ 'ನಿರ್ದಾಕ್ಷಿಣ್ಯ'ದವರೆಗೆ ಬಂದಿದ್ದೆ. ಆಗ ಅತ್ತೆಯವರು ಅಟ್ಟದಿಂದ ಕೂಗಿ ಪೊರಕೆ ಕೇಳಿದರು. ಪೊರಕೆ ಹಿಡಿದು ಹೊರಟೆ. ಮೊದಲ ಮೆಟ್ಟಿಲ ಸಾಲು ಹತ್ತಿದೆ, ಎರಡನೆಯದು ಹತ್ತಿದೆ. ಹತ್ತಿ ನಿಂತವಳು ಅಲ್ಲೇ ಪೊರಕೆ ಹಿಡಿದುಕೊಂಡು ಬೆವತೆ. ಕೆಳಗೆ ಇಳಿದು ಬಂದು ಆ ವಾಕ್ಯವನ್ನು ಮತ್ತೆ ಓದಿದೆ. ಯಾರೇ ಕಟ್ಟಿದ್ದರೂ. ನಾನು ಕಟ್ಟಿದ್ದೆ.

ಸಂಜೆ ನಮ್ಮವರಿಗೆ ಹೇಳಿದೆ. ಅವರು ಉತ್ತರಪತ್ರಿಕೆ ತಿದ್ದುತ್ತಾ ಅಟ್ಟ ಅಂತಸ್ತಲ್ಲ ಎಂದರು. ಹಾಗೆಂದು ಎಲ್ಲಿ ಬರೆದಿದೆ ಎಂದು ಕೇಳಿದೆ. "ಎಲ್ಲೂ ಬರ್ದಿಲ್ಲ, ಅದಕ್ಕೇ ಸುಮ್ನಿರು" ಎಂದರು. ನನಗೆ ಸುಮ್ಮನಿರಲಾಗಲಿಲ್ಲ. ಗಂಗಾಧರಯ್ಯನವರ ಮನೆಗೆ ಹೋಗಿ, ಆ ಒಂದು ವಾಕ್ಯ ಸ್ವಲ್ಪ ಖಾರವಾಯಿತೇನೋ, ತೆಗೆದರೆ ಹೇಗೆ ಎಂದು ತಡವರಿಸಿದೆ. ಅವರು ಅಂಗಳದಲ್ಲಿ ನಿಂತಿದ್ದರು. ಅವರ ಹಿಂದೆ, ಎರಡು ಅಂತಸ್ತಿನ ಮೇಲೆ, ಅವರದೇ ಅಟ್ಟದ ಹೊಸ ತಗಡು ಸಂಜೆ ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. "ಆ ವಾಕ್ಯ ತೆಗುದ್ರೆ ಅರ್ಜೀಲಿ ಏನಮ್ಮ ಉಳೀತದೆ, ಬರೀ ಚರಂಡಿ" ಎಂದರು. ಕೈಯೆತ್ತಿ ಆ ತಗಡನ್ನು ತೋರಿಸುವಷ್ಟು ಧೈರ್ಯ ನನಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ನಮಸ್ಕಾರ ಹೇಳಿ ಬಂದೆ. ಅರ್ಜಿ ಹದಿನೆಂಟು ರುಜುಗಳೊಂದಿಗೆ ಕಚೇರಿ ಸೇರಿತು.

ಅದಾದ ಮೂರನೇ ದಿನವೋ ನಾಲ್ಕನೇ ದಿನವೋ ನೂರ್‌ಜಾನ್ ಬಂದಳು. ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹನ್ನೆರಡು ವರ್ಷದಿಂದ ನನ್ನ ರವಿಕೆಗಳೆಲ್ಲ ಅವಳವೇ. ನಾನು ದಪ್ಪಗಾದದ್ದನ್ನು ನನಗಿಂತ ಮೊದಲು ತಿಳಿದು, ಹೇಳದೆ ಒಳಗೆ ಬಟ್ಟೆ ಬಿಟ್ಟು ಹೊಲಿಯುವಷ್ಟು ಒಳ್ಳೆಯವಳು. ಗಂಡ ಲಾರಿ ಮೆಕ್ಯಾನಿಕ್ಕು, ಇಬ್ಬರು ಹೆಣ್ಣುಮಕ್ಕಳು. ಈ ಹನ್ನೆರಡು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಾಯಿಸಿದ್ದಾರೆ. ಈಗಿನದು ಮಳೆ ಬಂದರೆ ಹೊಲಿಗೆ ಮೆಷಿನ್ನನ್ನು ಮಂಚದ ಮೇಲೆ ಏರಿಸಿ ತಾವು ಕೆಳಗೆ ಕೂರಬೇಕಾದ ಮನೆ. ಅಂದು ರವಿಕೆ ಕೊಟ್ಟು, ನೀರು ಕೇಳಿ ಕುಡಿದು, ನಗುತ್ತಾ ಹೇಳಿದಳು.

"ಅಕ್ಕ, ನಿಮ್ ಬೀದೀಗೇ ಬತ್ತೀನಿ ಕಣಕ್ಕ. ಮಲ್ಲೇಶಪ್ಪಾರು ಕಟ್ಟಿಸ್ತಾರಲ್ಲ, ಅದ್ರಲ್ಲಿ ಕೆಳಗ್ಲು ಮನೇಗೆ ಹೆಸ್ರು ಕೊಟ್ಟಿದೀವಿ. ಅದ್ಯಾರೋ ಬ್ಯಾಡ ಅಂತ ಅರ್ಜಿ ಹಾಕವ್ರಂತೆ. ಯಾರಕ್ಕ ಅವ್ರು?"

ನಾನು ಹೊಸ ರವಿಕೆಯ ಹೊಲಿಗೆಯನ್ನು ಬಹಳ ಹತ್ತಿರದಿಂದ ನೋಡಿದೆ. "ಯಾರ್ಯಾರೋ ಇರ್ತಾರೆ ಕಣೇ" ಎಂದೆ.

ಅವಳು ಹೋದ ಮೇಲೆ ರವಿಕೆ ಹಾಕಿ ನೋಡಿದೆ. ಸರಿಯಾಗಿತ್ತು. ಎಲ್ಲಾದರೂ ಒಂದು ಕಡೆ ಬಿಗಿಯಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಕಚೇರಿಯವರು ಪರಿಶೀಲನೆಗೆ ಯಾವಾಗ ಬರುತ್ತಾರೋ ಎಂಬ ಭಯದಲ್ಲಿ ಒಂದು ತಿಂಗಳು ಕಳೆಯಿತು. ರಸ್ತೆಯಲ್ಲಿ ಯಾರಾದರೂ ಕಂಕುಳಲ್ಲಿ ಫೈಲು ಇಟ್ಟುಕೊಂಡು ಹೋದರೆ ನನ್ನ ಕೈಯ ಸೌಟು ನಿಂತುಬಿಡುತ್ತಿತ್ತು. ಒಮ್ಮೆ ಹಾಗೆ ಬಂದವನು ಉಪ್ಪಿನಕಾಯಿ ಮಾರುವವನಾಗಿದ್ದ, ಹೆದರಿಕೆಯಲ್ಲಿ ಬೇಡದಿದ್ದರೂ ಎರಡು ಬಾಟಲಿ ಕೊಂಡೆ. ನಾನು ಒಂದು ಉಪಾಯವನ್ನೂ ಮಾಡಿದೆ. ಹೀರೇಬಳ್ಳಿಯನ್ನು ಹಗ್ಗ ಕಟ್ಟಿ ಅಟ್ಟದ ಗೋಡೆಗೆ ಹಬ್ಬಿಸಿದೆ, ರಸ್ತೆಯಿಂದ ನೋಡಿದರೆ ಚಪ್ಪರ ಅನ್ನಿಸಲಿ ಎಂದು. ಬಳ್ಳಿ ಕಟ್ಟುತ್ತಾ ತಲೆಯೆತ್ತಿ ನೋಡಿದರೆ ಗಂಗಾಧರಯ್ಯನವರ ಅಟ್ಟದ ಮುಂದೆ ರಾತ್ರೋರಾತ್ರಿ ಒಂದು ಕಪ್ಪು ನೀರಿನ ಟ್ಯಾಂಕು ಬಂದು ಕೂತಿತ್ತು. ಕಂಡಕ್ಟರ ಮನೆಯಲ್ಲಿ ತಗಡಿಗೆ ಹಸಿರು ಬಣ್ಣ ಬಳಿದಿದ್ದರು. ಮೂಲೆ ಮನೆಯವರು ಅಟ್ಟದ ಸುತ್ತ ಹಳೆಯ ಸೀರೆಗಳನ್ನು ಒಣಹಾಕಿದ್ದರು, ಅವು ವಾರವಾದರೂ ಒಣಗಿರಲಿಲ್ಲ. ಆಗ ನನಗೆ ತಿಳಿಯಿತು, ಬೀದಿಯಲ್ಲಿ ಎಲ್ಲರಿಗೂ ತಿಳಿದುಹೋಗಿತ್ತು. ಆದರೂ ಸಂಜೆ ಗೇಟಿನ ಹತ್ತಿರ ಸಿಕ್ಕಾಗ ನಾವು ಮಾತಾಡುತ್ತಿದ್ದದ್ದು ಚರಂಡಿಯ ವಿಚಾರ ಮಾತ್ರ.

ಕೊನೆಗೆ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಎಂಜಿನಿಯರು ಬಂದರು. ಕರಾವಳಿಯ ಕಡೆಯವರು, ಚಿಕ್ಕ ವಯಸ್ಸು, ಪುಸ್ತಕದಂಥ ಕನ್ನಡ, ಬಹಳ ವಿನಯ. ಅರ್ಜಿಯ ಮೊದಲ ಹೆಸರು ನನ್ನದಾದ್ದರಿಂದ ಮೊದಲು ನಮ್ಮ ಮನೆಗೇ ಬಂದರು. ನಾನು ಅವರನ್ನು ಹಾಲಿನಲ್ಲೇ ಕೂರಿಸಿ ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ, ಬಾಳೆಹಣ್ಣು ಕೊಟ್ಟೆ. ಇನ್ನೇನು ಅವರು ಎದ್ದು ಪಕ್ಕದ ಖಾಲಿ ಸೈಟು ನೋಡಿ ಹೊರಡುವುದರಲ್ಲಿದ್ದರು. ಅಷ್ಟರಲ್ಲಿ ಅತ್ತೆಯವರು ಒಳಗಿನಿಂದ ಬಂದು, ಅವರ ಊರು ಯಾವುದು ಎಂದು ಕೇಳಿ, ಆ ಕಡೆ ತೆಂಗು ಹೇಗೆ ಎಂದು ವಿಚಾರಿಸಿದರು. ತಮ್ಮಲ್ಲಿ ಕಾಯಿ ಸುಲಿದು, ಒಡೆದು, ಹೋಳು ಮಾಡಿ ಬಿಸಿಲಿಗೆ ಹಾಕುತ್ತೇವೆ, ವಾರದಲ್ಲಿ ಕೊಬ್ಬರಿಯಾಗುತ್ತದೆ ಎಂದು ಆತ ಹೇಳಿದ. ಅತ್ತೆಯವರ ಮುಖದಲ್ಲಿ ಮಗು ಬಿದ್ದು ಪೆಟ್ಟು ಮಾಡಿಕೊಂಡದ್ದನ್ನು ಕಂಡ ಹಾಗೆ ಮರುಕ ಮೂಡಿತು.

"ಅಯ್ಯೋ ನನ್ನಪ್ಪ, ಅದೂ ಒಂದು ಕೊಬ್ರಿನಾ? ಬಾ ಇಲ್ಲಿ, ಕೊಬ್ರಿ ಅಂದ್ರೆ ಏನು ಅಂತ ತೋರುಸ್ತೀನಿ."

ನಾನು ಕೆಮ್ಮಿದೆ, ಕಣ್ಣು ಮಿಟುಕಿಸಿದೆ, ನಿಮ್ಮ ಮೊಣಕಾಲು ಅತ್ತೆ ಎಂದೆ. ಅವರು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದರು. ಎಂಜಿನಿಯರು ಹಿಂದೆ, ನಾನು ಅವರ ಹಿಂದೆ. ಅಟ್ಟದ ಬಾಗಿಲು ತೆರೆದು, ಹೀರೇಬಳ್ಳಿಯನ್ನು ಆಚೆ ಸರಿಸಿ, ಅವರು ತಮ್ಮ ರಾಜ್ಯವನ್ನು ತೋರಿಸಿದರು. ಕಾಯಿ ಅಲ್ಲಾಡಿಸಿ ಆತನ ಕಿವಿಗೆ ಹಿಡಿದರು. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ ಎಂದು ಕೈಯಾಡಿಸಿ ವಿವರಿಸಿದರು. "ನೋಡಪ್ಪ, ಇದು ಮೂರ್ನೇ ಅಂತಸ್ತು ಆದ್ರಿಂದ್ಲೇ ಈ ಪಾಟಿ ಗಾಳಿ. ಆ ಮಲ್ಲೇಶಿ ಅಲ್ಲಿ ಕಟ್ಟುಬುಟ್ರೆ ಗಾಳಿ ನಿಂತೋಯ್ತದೆ. ಅದಕ್ಕೇ ನಮ್ ಸೊಸೆ ಅರ್ಜಿ ಬರ್ದಿರಾದು" ಎಂದರು. ಆ ಹುಡುಗ ಕಿಂಡಿಯಿಂದ ಹೊರಗೆ ನೋಡಿದ. ಅಲ್ಲಿಂದ ಇಡೀ ಬೀದಿಯ ಅಟ್ಟಗಳು ಸಾಲಾಗಿ ಕಾಣುತ್ತವೆ. ಟ್ಯಾಂಕಿನ ಹಿಂದಿನದು, ಹಸಿರು ಬಳಿದದ್ದು, ಸೀರೆ ಉಟ್ಟದ್ದು, ಎಲ್ಲ. ಆತ ತುಟಿ ಅಲ್ಲಾಡಿಸುತ್ತಾ ಎಣಿಸಿ, ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ ಕೇಳಿದ.

"ಅವರಿಗೆ ವಿನಾಯಿತಿ ಕೊಡಬಾರದು ಎಂದು ಬರೆದಿದ್ದೀರಿ ಮೇಡಂ. ನಿಮಗೆಲ್ಲ ಯಾರು ಕೊಟ್ಟದ್ದು?"

ವಾರದೊಳಗೆ ಹದಿನಾರು ಮನೆಗೆ ನೋಟೀಸು ಬಂತು. ಅಟ್ಟ ಇಲ್ಲದ ಎರಡು ಮನೆಯವರು ಮಾತ್ರ ಅಂದಿನಿಂದ ಸಂಜೆ ಹೊತ್ತು ರಸ್ತೆಯಲ್ಲಿ ನಿಧಾನವಾಗಿ ತಿರುಗಾಡತೊಡಗಿದರು. ನೋಟೀಸಿನ ಸಾರಾಂಶ ಇಷ್ಟು. ಮೇಲಿನ ಕಟ್ಟಡವನ್ನು ಹದಿನೈದು ದಿನದಲ್ಲಿ ತೆಗೆಯಬೇಕು, ಇಲ್ಲವೇ ವಿನಾಯಿತಿಗೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆಗೆ ಮಗ್ಗುಲ ಸೈಟುಗಳ ಮಾಲೀಕರು ತಮ್ಮ ತಕರಾರಿಲ್ಲ ಎಂದು ರುಜು ಹಾಕಿದ ಪತ್ರ ಇರಬೇಕು. ಆ ಹದಿನೈದು ದಿನ ನಾನು ಹೇಗಿದ್ದೆ ಎಂಬುದಕ್ಕೆ ಸಾಕ್ಷಿಯಾಗಿ, ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಮರುದಿನ ಹಾಕಲೇ ಇಲ್ಲ. ಅತ್ತೆಯವರು ಅಟ್ಟ ಹತ್ತುವುದನ್ನು ಬಿಟ್ಟು ಮೆಟ್ಟಿಲ ಬುಡದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ನಾನು ಹೇಳಿದ್ದರಿಂದಲೇ ಹೀಗಾಯ್ತಾ ಎಂದು ಒಂದೇ ಸಲ ಕೇಳಿದರು. ಇಲ್ಲ ಅತ್ತೆ, ನಾನು ಬರೆದದ್ದರಿಂದ ಎಂದೆ. ಮೊದಲ ಬಾರಿಗೆ ಮಾತ್ರೆಯನ್ನು ನನ್ನೆದುರಿಗೇ ನುಂಗಿದರು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಹದಿನಾರು ಮನೆಯ ವಿನಾಯಿತಿ ಅರ್ಜಿಗಳನ್ನೂ ದುಂಡಗೆ ಬರೆದುಕೊಟ್ಟವಳು ನಾನೇ ಎಂದು ಬೇರೆ ಹೇಳಬೇಕೆ.

ಮೂಡಲ ಮಗ್ಗುಲಿನವರೂ ಹಿತ್ತಲಿನವರೂ ರುಜು ಹಾಕಿದರು. ಉಳಿದದ್ದು ಪಡುವಲು, ಅಂದರೆ ಮಲ್ಲೇಶಪ್ಪನವರು. ಅವರ ಅಪಾರ್ಟ್‌ಮೆಂಟಿಗೂ ಮಗ್ಗುಲ ಮನೆಯ ರುಜು ಬೇಕಾಗಿತ್ತು, ಅಂದರೆ ನನ್ನದು. ನಮ್ಮವರು ತಾವು ಬರುವುದಿಲ್ಲ, ಮನೆ ಇರುವುದು ನಿನ್ನ ಹೆಸರಿನಲ್ಲಿ ಎಂದು ನೆನಪು ಮಾಡಿದರು. ಹದಿನಾಲ್ಕು ವರ್ಷದಲ್ಲಿ ಅವರಿಗೆ ಅದು ನೆನಪಾದದ್ದು ಅಂದೇ. ಕಾಗದವನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಹೊದಿಸಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಓಣಿಯಿಂದ ಅವರ ಮನೆಗೆ ಹೋದೆ. ಒಳಗೆ ಸೋಫಾದ ಮೇಲೆ ಗಂಗಾಧರಯ್ಯನವರು ಕೂತು ಕಾಫಿ ಕುಡಿಯುತ್ತಿದ್ದರು. ಅವರ ಮನೆಯ ಹಿಂಬದಿಯೂ ಮಲ್ಲೇಶಪ್ಪನವರ ಸೈಟಿಗೇ ತಾಗುತ್ತದೆ ಎಂಬುದು ನನಗೆ ಆಗಲೇ ಹೊಳೆದದ್ದು. ನನ್ನನ್ನು ಕಂಡು ಅವರು, ಈ ಕಡೆ ವಾಕಿಂಗ್ ಬಂದಿದ್ದೆ ಎಂದರು. ನಾನು ಸೊಪ್ಪು ತರಲು ಬಂದಿದ್ದೆ ಎಂದೆ. ಅವರ ಜೇಬಿನಿಂದ ನನ್ನದೇ ಕೈಬರಹದ ವಿನಾಯಿತಿ ಅರ್ಜಿ ಇಣುಕುತ್ತಿತ್ತು.

ಮಲ್ಲೇಶಪ್ಪನವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ನನಗೂ ಕಾಫಿ ತರಿಸಿ, ನನ್ನ ಕಾಗದ ಓದಿ, ಅದಕ್ಕೆ ಒಂದೇ ಏಟಿಗೆ ರುಜು ಹಾಕಿ ಮುಂದೆ ತಳ್ಳಿದರು. ಆಮೇಲೆ ಮೇಜಿನ ಖಾನೆಯಿಂದ ನಮ್ಮ ಹಳೆಯ ತಕರಾರು ಅರ್ಜಿಯ ಜೆರಾಕ್ಸು ತೆಗೆದರು.

"ನೀರು ಬರ್ದಿದೀರ, ಚರಂಡಿ ಬರ್ದಿದೀರ, ಖಾಸಗಿತನ ಬರ್ದಿದೀರ. ಗಾಳಿ ಅಂತ ಒಂದೇ ಒಂದು ಮಾತು ಬರ್ದಿದ್ರೆ ಸಾಕಾಗಿತ್ತು ಕಣಕ್ಕ. ನಾನೂ ಅಟ್ಟದ ಕೆಳಗೆ ಹುಟ್ಟಿ ಬೆಳ್ದೋನೇ ಅಲ್ವಾ? ಮೆಟ್ಲು, ಓಡಾಡೋ ಜಾಗ ಎಲ್ಲ ನಿಮ್ ಮಗ್ಗುಲಿಗೆ ತಂದು, ಹತ್ತಡಿ ಬುಟ್ಟು, ಕಿಂಡಿ ಗೋಡೆ ಕಟ್ಟುಸ್ತಿದ್ದೆ. ಈಗ್ಲೂ ಕಟ್ಟುಸ್ತೀನಿ ಬುಡಿ."

ನಾನು ಕಾಫಿ ಲೋಟ ಕೆಳಗಿಟ್ಟೆ. ಎರಡು ತಿಂಗಳು ನಾನು ಪಟ್ಟ ಹೆದರಿಕೆಯೆಲ್ಲ ಒಂದು ಮಾತಿನಷ್ಟು ಅಗಲದ್ದಾಗಿತ್ತು. ಗಂಗಾಧರಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. ಇಬ್ಬರೂ ಅವರ ಅಪಾರ್ಟ್‌ಮೆಂಟಿನ ಕಾಗದಕ್ಕೆ ತಕರಾರಿಲ್ಲವೆಂದು ರುಜು ಹಾಕಿದೆವು. ಈ ಸಲ ಹಿರಿಯರು ಮೊದಲು ಹಾಕಲಿ ಎಂದು ನಾನು ಹಿಂದೆ ಸರಿದೆ. ಅವರೂ ನನ್ನ ಕಡೆಗೇ ಪೆನ್ನು ಚಾಚಿದರು, ಮೊದಲ ರುಜು ಮತ್ತೆ ನನ್ನದೇ ಆಯಿತು. ಹೋಗುವಾಗ ಅವರು ಮುಂದಿನ ಬಾಗಿಲಿನಿಂದ ಹೋದರು, ನಾನು ಹಿಂದಿನ ಓಣಿಯಿಂದ ಬಂದೆ. ದಾರಿಯಲ್ಲಿ ಕಂಡಕ್ಟರ ಹೆಂಡತಿ ಎದುರಾಗಿ, ಅಪಾರ್ಟ್‌ಮೆಂಟ್ ವಿಚಾರ ಏನಾಯಿತು ಎಂದು ಕೇಳಿದಳು. ಹೋರಾಟ ನಡೀತಿದೆ ಎಂದೆ.

ಮರುದಿನ ಕಚೇರಿಗೆ ಹೋಗಿ ನನ್ನ ವಿನಾಯಿತಿ ಅರ್ಜಿ, ಅಪಾರ್ಟ್‌ಮೆಂಟಿಗೆ ತಕರಾರಿಲ್ಲವೆಂಬ ಪತ್ರ, ಎರಡೂ ಕಾಗದ ಕೊಟ್ಟೆ. ಹಳೆಯ ತಕರಾರು ಅರ್ಜಿಯನ್ನು ವಾಪಸು ಕೊಡುತ್ತೀರಾ ಎಂದು ಎಂಜಿನಿಯರನ್ನು ಕೇಳಿದೆ. ಬಂದ ಕಾಗದ ಫೈಲಿನಿಂದ ಹೋಗುವುದಿಲ್ಲ ಮೇಡಂ, ಅದರ ಮೇಲೆ ಹೊಸದು ಕೂರುತ್ತದೆ ಅಷ್ಟೇ ಎಂದ ಆತ. ಅಂದರೆ ಸಭ್ಯ ಕುಟುಂಬಗಳ ಆ ವಾಕ್ಯ ನನ್ನ ದುಂಡು ಅಕ್ಷರದಲ್ಲಿ ಅಲ್ಲಿ ಹಾಗೇ ಇರುತ್ತದೆ. ಅಟ್ಟಗಳಿಗೆ ವಿನಾಯಿತಿ ಸಿಗಬಹುದು, ಹೋಳು ಕೊಬ್ಬರಿಯವರಿಗೂ ನ್ಯಾಯ ಗೊತ್ತಿದೆ ಎಂದು ನಿಮ್ಮ ಅತ್ತೆಯವರಿಗೆ ಹೇಳಿ ಎಂದು ಕಳಿಸಿದ. ನಾನು ಹೇಳಿದೆ. ಅವರು ಎದ್ದು, ಹದಿನೈದು ದಿನದ ಮೇಲೆ, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಬಹಳ ಹೊತ್ತು ಕೆಳಗೆ ಬರಲಿಲ್ಲ.

ಸಂಜೆ ನೂರ್‌ಜಾನಳ ದೊಡ್ಡ ಮಗಳು ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದಳು. ಅಮ್ಮ ಶಾವಿಗೆ ಪಾಯಸ ಕಳಿಸಿದ್ದಾಳೆ, ನಮ್ಮ ಹೊಸ ಮನೆಯ ಕಾಗದಕ್ಕೆ ಮೊದಲು ರುಜು ಹಾಕಿದವರು ನೀವೇ ಅಂತೆ, ಮಲ್ಲೇಶಪ್ಪಾರು ಹೇಳಿದರಂತೆ ಎಂದಳು. ನಾನು ಬಾಗಿಲಲ್ಲೇ ನಿಂತು, ಇಲ್ಲ ಮಗಳೇ, ಅದು ಹಾಗಲ್ಲ, ಎಂದು ಶುರು ಮಾಡಿದೆ. ಅವಳು ಡಬ್ಬಿಯನ್ನು ನನ್ನ ಕೈಗಿಟ್ಟಳು. ಡಬ್ಬಿ ಬಿಸಿಯಾಗಿತ್ತು. ಅಮ್ಮನಿಗೆ ಚೆನ್ನಾಗಿದೆ ಅಂತ ಹೇಳು ಎಂದೆ, ಇನ್ನೂ ಮುಚ್ಚಳ ತೆಗೆಯದೆಯೇ.

ರಾತ್ರಿ ಮುದ್ದೆ, ದಂಟಿನ ಸೊಪ್ಪಿನ ಸಾರು, ಅನ್ನ, ಮಜ್ಜಿಗೆ, ಕೊನೆಗೆ ಆ ಪಾಯಸ. ದ್ರಾಕ್ಷಿ ಕಮ್ಮಿಯಾಯಿತು ಎಂದು ಹೇಳಿ ಅತ್ತೆಯವರು ಎರಡು ಬಟ್ಟಲು ತಿಂದರು. ನಮ್ಮವರು ತಟ್ಟೆಗೇ ಹಾಕಿಸಿಕೊಂಡರು. ನನಗೆ ಆ ಪಾಯಸ ಗಂಟಲಿನಲ್ಲಿ ಸಿಕ್ಕಿಕೊಳ್ಳಬೇಕಾಗಿತ್ತು, ನ್ಯಾಯವಾಗಿ. ಸಿಕ್ಕಿಕೊಳ್ಳಲಿಲ್ಲ, ಇನ್ನೊಂದು ಸೌಟು ಹಾಕಿಕೊಂಡೆ. ಪಾತ್ರೆ ತೊಳೆದಿಟ್ಟು ಬಂದು ನಮ್ಮವರಿಗೆ ಹೇಳಿದೆ, ನೂರ್‌ಜಾನಳ ಮುಖ ನೋಡಿ ಎಲ್ಲ ಹೇಳುವ ತನಕ ನನಗೆ ನೆಮ್ಮದಿಯಿಲ್ಲ, ಈ ರಾತ್ರಿಯಂತೂ ಕಣ್ಣು ಹತ್ತುವುದಿಲ್ಲ ಎಂದು. ಆ ಮಾತು ಮುಗಿಯುವ ಮೊದಲೇ ನನ್ನ ಗೊರಕೆ ಶುರುವಾಯಿತೆಂದು ಬೆಳಿಗ್ಗೆ ಅವರು ಹೇಳಿದರು. ಅತ್ತೆಯವರೂ ಹೌದೆಂದರು. ಮನೆಯಲ್ಲಿ ಅಂದು ಮೊದಲು ನಿದ್ದೆ ಹೋದವಳು ನಾನೇ ಅಂತೆ.